ಸೆಕ್ರೆಟರಿಯವರ ಏಳು ಸ್ಟ್ರಾಗಳು

ಹೋದ ತಿಂಗಳು ನಮ್ಮ ಸಂಘದ ಹಳೆಯ ಸೆಕ್ರೆಟರಿ ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಕುಣಿಗಲ್ಲಿಗೆ ಹೋಗಿದ್ದೆ. ವಡೆ ಚೆನ್ನಾಗಿತ್ತು.

ಕೈ ತೊಳೆಯುವ ಜಾಗದಲ್ಲಿ ಅವರ ದೊಡ್ಡ ಮಗ ನನ್ನನ್ನು ಹಿಡಿದುಕೊಂಡ. "ಅಪ್ಪಾಜಿ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡಿಸ್ತಾ ಇದೀವಿ ಸಾರ್. ನೀವು ಎರಡು ಪುಟ ಬರ್ಕೊಡಿ. ಅವ್ರ ಕ್ಲೀನ್‌ನೆಸ್ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಬೇರೆ ಯಾರಿದಾರೆ?" ಅಂದ. ಹುಡುಗ ಒಳ್ಳೆಯವನು. ಅಪ್ಪನ ಮೂಗು ಮಾತ್ರ ಬಂದಿದೆ, ಅಪ್ಪನ ಹಾಗೆ ಅದನ್ನು ಎಲ್ಲರ ಎದುರಿಗೂ ಮುರಿಯುವುದು ಬಂದಿಲ್ಲ. ಆಗಲಿ ಅಂದೆ. ಅರ್ಧ ಪುಟ ಬರೆದು ಕಳಿಸಿದ್ದೂ ಆಯಿತು. ಶಿಸ್ತು, ಶುಚಿ, ಸಮಯಪಾಲನೆ ಅಂತ ಮೂರು ಮಾತು ಹಾಕಿ ಸಹಿ ಮಾಡಿದೆ. ಆ ಪುಸ್ತಕದಲ್ಲಿ ಹಿಡಿಸದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಬದುಕಿದ್ದಷ್ಟು ದಿನ ಹೆಸರಿಗಾಗಿ ಅವರು ಬೇಕಾದಷ್ಟು ಮಾಡಿಕೊಂಡಿದ್ದಾರೆ, ನನ್ನದೊಂದು ಸೇರುವುದು ಬೇಡ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಗುಬ್ಬಿಯ ಒಂದು ತೆಂಗು ಬೆಳೆಗಾರರ ಸಂಘಕ್ಕೆ ಗುಮಾಸ್ತನಾಗಿ ಸೇರಿದೆ. ಮನೆ ಕ್ಯಾತ್ಸಂದ್ರದಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಹನ್ನೆರಡು ವರ್ಷ ಆ ಮನುಷ್ಯನ ಎದುರಿನ ಮೇಜಿನಲ್ಲಿ ಕೂತಿದ್ದೇನೆ. ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿಲ್ಲ.

ಆಳು ಸಣ್ಣ. ಇಸ್ತ್ರಿ ಮುರಿಯದ ಬಿಳಿ ಷರ್ಟು. ಜೇಬಿನಲ್ಲಿ ಮೂರು ಕರವಸ್ತ್ರ ಇರುತ್ತಿದ್ದವು, ಒಂದು ಮುಖಕ್ಕೆ, ಒಂದು ಕೈಗೆ, ಇನ್ನೊಂದು ಕುರ್ಚಿಗೆ. ಯಾರಾದರೂ ಬಂದು ಕೂತು ಎದ್ದುಹೋದ ಮೇಲೆ ಆ ಮೂರನೆಯದರಿಂದ ಕುರ್ಚಿಯನ್ನು ಒರೆಸುತ್ತಿದ್ದರು. ಎಲ್ಲರ ಕುರ್ಚಿಯನ್ನೂ ಒರೆಸುತ್ತಾರೆ ಅಂತ ನಾನು ಮೊದಮೊದಲು ತಿಳಿದುಕೊಂಡಿದ್ದೆ. ಆಫೀಸಿನಲ್ಲಿ ಒಂದು ಕಕ್ಕಸು ಇತ್ತು. ಅದರ ಬೀಗದ ಕೈಯನ್ನು ಅವರು ಉಡುದಾರಕ್ಕೆ ಕಟ್ಟಿಕೊಂಡಿದ್ದರು. ಬೇಕಾದವರು ಹೋಗಿ ಕೇಳಬೇಕು, ಅವರು ಷರ್ಟು ಎತ್ತಿ, ಹೊಟ್ಟೆ ಒಳಗೆ ಎಳೆದುಕೊಂಡು, ಗಂಟು ಬಿಚ್ಚಿ ಕೊಡಬೇಕು. ಈ ನಾಟಕ ನೋಡಲಾರದೆ ನಾವೆಲ್ಲ ಗೋಡೌನಿನ ಹಿಂದಕ್ಕೆ ಹೋಗುತ್ತಿದ್ದೆವು. ಆಫೀಸಿನ ಕೆಲಸಕ್ಕಿದ್ದ ಗಂಗಮ್ಮ ಎರಡು ಬೀದಿ ಆಚೆ ತಮ್ಮ ಅಕ್ಕನ ಮನೆಗೆ ಹೋಗಿ ಬರುತ್ತಿದ್ದರು. ಅಲ್ಲಿಗೆ ಹೋಗಿ ಬರುವುದರಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಗೆ ಬೈಸಿಕೊಳ್ಳುವುದು ಬೇರೆ.

"ಕ್ಲೀನ್ ಅಂದ್ರೆ ಕ್ಲೀನ್ ಕಣಯ್ಯಾ" ಅನ್ನುವುದು ಅವರ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಡಿಕೆ ಜಗಿಯುತ್ತ ಹೇಳಿದರೆ ಒಂದೆರಡು ಚೂರು ನನ್ನ ರಿಜಿಸ್ಟರಿನ ಮೇಲೆ ಬೀಳುತ್ತಿದ್ದವು. ಅದನ್ನು ಒರೆಸಲು ಅವರಲ್ಲಿ ನಾಲ್ಕನೆಯ ಕರವಸ್ತ್ರ ಇರಲಿಲ್ಲ.

ಈಗ ಸ್ಟ್ರಾ ವಿಷಯಕ್ಕೆ ಬರುತ್ತೇನೆ.

ನಮ್ಮದು ತೆಂಗಿನ ಸಂಘ. ತಿಂಗಳಿಗೊಂದು ಮೀಟಿಂಗು. ಬಂದ ಡೈರೆಕ್ಟರುಗಳಿಗೆ ಮೊದಲು ಎಳನೀರು, ಆಮೇಲೆ ಕಾಫಿ. ಎಳನೀರನ್ನು ಬಗ್ಗಿಸಿ ಆಫೀಸಿನ ಗಾಜಿನ ಲೋಟಗಳಲ್ಲಿ ಕೊಡುತ್ತಿದ್ದರು. ತೋಟದಿಂದ ನೇರವಾಗಿ ಬಂದ ಯಾರಾದರೂ ಪರಂಗಿ ಎಲೆಯ ದಂಟು ಮುರಿದು ತಂದಿದ್ದರೆ ಅದನ್ನೇ ಕಾಯಿಗೆ ಸಿಕ್ಕಿಸಿಕೊಂಡು ಹೀರುತ್ತಿದ್ದರು. ಇದು ಹೀಗೇ ನಡೆದುಕೊಂಡು ಬಂದಿತ್ತು. ಒಂದು ಸಲ ಸಂಘದ ಚುನಾವಣೆ ಆಗಿ ಹೊಸ ಡೈರೆಕ್ಟರುಗಳು ಬಂದರು. ಅದಾದ ಹದಿನೈದು ದಿನಕ್ಕೆ ಸೆಕ್ರೆಟರಿಯವರು ನನ್ನನ್ನು ಕರೆದುಕೊಂಡು ತುಮಕೂರಿಗೆ ಬಸ್ಸು ಹತ್ತಿದರು. ಎಲ್ಲಿಗೆ ಅಂತ ಕೇಳಿದರೆ, "ಸುಮ್ನೆ ಬಾರಯ್ಯ, ಆಫೀಸ್ಗೆ ಒಂದು ಒಳ್ಳೇ ಕೆಲ್ಸ ಮಾಡ್ಸೋದೈತೆ" ಅಂದರು.

ಹೋದದ್ದು ಒಂದು ಲೇತ್ ಅಂಗಡಿಗೆ. ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಗೇಣುದ್ದಕ್ಕೆ ಕೊಯ್ಯಿಸಿ ಏಳು ಸ್ಟ್ರಾ ಮಾಡಿಸಿದರು. ಅಧ್ಯಕ್ಷರು ಒಬ್ಬರು, ಡೈರೆಕ್ಟರು ಐವರು, ಸೆಕ್ರೆಟರಿ ಒಬ್ಬರು, ಒಟ್ಟು ಏಳು ಜನ. ತುಟಿಗೆ ತಾಗುವ ತುದಿ ನುಣ್ಣಗಿರಬೇಕು ಅಂತ ಒಂದೊಂದನ್ನೂ ನಾಲ್ಕು ನಾಲ್ಕು ಸಲ ಉಜ್ಜಿಸಿದರು. ಆರನ್ನು ತಾವೇ ಬಾಯಿಗಿಟ್ಟು ನೋಡಿದರು. ಎಲ್ಲ ಆದ ಮೇಲೆ ಲೇತ್‌ನವನಿಗೆ, "ಒಂದಕ್ಕೆ ಮಾತ್ರ ಕೆಳಗಡೆ ಸುತ್ತ ಒಂದು ಗೀಟು ಹಾಕಪ್ಪ. ಉಗುರಿಗೆ ಸಿಗೋ ಹಂಗಿರ್ಲಿ" ಅಂದರು. ಆ ಒಂದನ್ನು ಬಾಯಿಗಿಟ್ಟು ನೋಡಲಿಲ್ಲ.

ಅದು ಯಾಕೆ ಸಾರ್ ಅಂತ ಕೇಳಿದೆ. "ನಿಂಗೆ ಆಮೇಲೆ ಗೊತ್ತಾಗ್ತದೆ" ಅಂದರು.

ಇನ್ನು ಮೇಲೆ ಮೀಟಿಂಗಿನಲ್ಲಿ ಕಾಫಿ ಇಲ್ಲ ಅಂತ ಮಾರನೆಯ ದಿನ ಹೇಳಿಕೆ ಹೊರಟಿತು. ತೆಂಗು ಬೆಳೆಗಾರರು ಕಾಫಿ ಕುಡಿಯುವುದು ನಾಚಿಕೆಗೇಡು, ಎಳನೀರು ಸಾಕು. ಲೋಟಗಳು ಇಲ್ಲ, ಎಂಜಲು ಹರಡುತ್ತದೆ. ಒಬ್ಬರಿಗೊಂದು ಸ್ಟೀಲ್ ಸ್ಟ್ರಾ, ಪ್ಲಾಸ್ಟಿಕ್ಕಿನ ಹಾಗೆ ಎಸೆಯುವಂತಿಲ್ಲ, ತೊಳೆದು ತೊಳೆದು ಬಳಸಬೇಕು. ಅಧ್ಯಕ್ಷರು ಮೇಜು ಕುಟ್ಟಿ ಶಹಬ್ಬಾಸ್ ಅಂದರು. ನಿಜ ಹೇಳಬೇಕೆಂದರೆ ನಾನೂ ಮೆಚ್ಚಿಕೊಂಡೆ. ಎಂಥ ದೂರದೃಷ್ಟಿ ಅಂತ ಮನೆಯಲ್ಲಿ ಹೆಂಡತಿಯ ಹತ್ತಿರ ಹೊಗಳಿದೆ ಕೂಡ.

ಆ ಸ್ಟ್ರಾಗಳನ್ನು ತೊಳೆಯುವ ವಿಧಾನವನ್ನು ಅವರು ನನಗೂ ಗಂಗಮ್ಮನಿಗೂ ಎದುರು ನಿಲ್ಲಿಸಿಕೊಂಡು ಕಲಿಸಿದರು. ಎಳನೀರು ನೋಡಲು ನೀರು, ಆರಿದ ಮೇಲೆ ಅಂಟು. ಕೊಳವೆಯೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ಹುಳಿ ವಾಸನೆ, ಎರಡು ದಿನ ಬಿಟ್ಟರೆ ಲೋಳೆ. ಅದಕ್ಕೇ ಕುಡಿದ ಕೂಡಲೇ ತಣ್ಣೀರು ಹಾಯಿಸಬೇಕು. ಆಮೇಲೆ ಅಡುಗೆ ಸೋಡ ಹಾಕಿದ ಬಿಸಿನೀರಿನಲ್ಲಿ ಕಾಲು ಗಂಟೆ ಮುಳುಗಿಸಬೇಕು. ಆಮೇಲೆ ದಾರ. ನೂಲಿನ ದಾರಕ್ಕೆ ಬೆರಳಷ್ಟು ಅಂತರದಲ್ಲಿ ಗಂಟು ಹಾಕಿ, ಅದನ್ನು ತೆಂಗಿನ ಗರಿಯ ಕಡ್ಡಿಯ ತುದಿಗೆ ಕಟ್ಟಿ ಕೊಳವೆಯಲ್ಲಿ ತೂರಿಸಬೇಕು. ಕಡ್ಡಿ ಆಚೆ ಬಂದ ಮೇಲೆ ಎರಡೂ ತುದಿ ಹಿಡಿದು ಮೊಸರು ಕಡೆಯುವ ಹಾಗೆ ಹಿಂದೆ ಮುಂದೆ ಎಳೆಯಬೇಕು. ಗಂಟುಗಳು ಒಳಗಿನ ಕೊಳೆಯನ್ನೆಲ್ಲ ಕೆರೆದುಕೊಂಡು ಬರುತ್ತವೆ. ವಾರಕ್ಕೊಂದು ಸಲ ಹುಣಸೆಹಣ್ಣಿನ ನೀರು. ಕೊನೆಗೆ ಶುದ್ಧ ನೀರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಬೇಕು. ಪೂರ್ತಿ ಒಣಗುವ ತನಕ ನಿಲ್ಲಿಸಿಯೇ ಇಡಬೇಕು. "ಒದ್ದೆ ಸ್ಟ್ರಾನ ಡಬ್ಬಿಗೆ ಹಾಕೋನು ನನ್ ಆಫೀಸ್ಗೇ ಬೇಡ" ಅನ್ನುತ್ತಿದ್ದರು.

ಈ ವಿದ್ಯೆಯಲ್ಲಿ ಏನೂ ತಪ್ಪಿಲ್ಲ. ಕೊಳವೆ ತೊಳೆಯುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ. ಮನುಷ್ಯನಿಗೆ ಇಡೀ ಜನ್ಮದಲ್ಲಿ ಸರಿಯಾಗಿ ಬಂದದ್ದು ಅದೊಂದೇ.

ಮೀಟಿಂಗು ಮುಗಿದ ಮೇಲೆ ತಾವೇ ಕಿಟಕಿಯ ಹತ್ತಿರ ನಿಂತು, ಒಂದೊಂದೇ ಸ್ಟ್ರಾ ಎತ್ತಿ ಕಣ್ಣಿಗಿಟ್ಟು, ಎದುರಿನ ಹುಣಸೆಮರವನ್ನು ನೋಡಿ, "ಹಾಂ, ಕ್ಲೀನ್" ಅನ್ನುತ್ತಿದ್ದರು. ಹೀಗೆ ಆರು ಸಲ. ಏಳನೆಯದನ್ನು, ಆ ಗೀಟು ಹಾಕಿದ್ದನ್ನು, ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಅದಕ್ಕೆ ಬೇರೆ ಮಗ್ಗು, ಬೇರೆ ದಾರ. ಒಣಗಿಸಲು ಕಿಟಕಿಯ ಆಚೆಗಿನ ಕಟ್ಟೆ. ಅದು ಕ್ಲೀನಾಗಿದೆಯೋ ಇಲ್ಲವೋ ಅಂತ ಅವರು ಒಂದು ದಿನವೂ ಕೇಳಲಿಲ್ಲ. ಗಂಗಮ್ಮ ಮಾತ್ರ ಎಲ್ಲಕ್ಕಿಂತ ಹೆಚ್ಚು ಹೊತ್ತು ಅದನ್ನೇ ಉಜ್ಜುತ್ತಿದ್ದರು.

ಆ ಸ್ಟ್ರಾ ಮುದ್ದಯ್ಯನವರದು.

ಮುದ್ದಯ್ಯ ಹಾಗಲವಾಡಿ ಕಡೆಯವರು. ಮೂವತ್ತು ತೆಂಗಿನ ಮರ, ಒಂದಿಷ್ಟು ರಾಗಿ ಹೊಲ. ಸಂಘದ ಮೀಸಲು ಸ್ಥಾನದಿಂದ ಆ ಚುನಾವಣೆಯಲ್ಲಿ ಗೆದ್ದು ಬಂದಿದ್ದರು. ಅವರಿಗಿಂತ ಮುಂಚೆ ಆ ಸ್ಥಾನದಲ್ಲಿ ಇದ್ದವರು ಮೀಟಿಂಗಿಗೆ ಬಂದದ್ದೇ ಇಲ್ಲ. ನಡಾವಳಿ ಪುಸ್ತಕವನ್ನು ಅವರ ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಬರಬೇಡಿ ಅಂತ ಯಾರೂ ಹೇಳಿರಲಿಲ್ಲ, ಬನ್ನಿ ಅಂತಲೂ ಹೇಳಿರಲಿಲ್ಲ. ಮುದ್ದಯ್ಯ ಮಾತ್ರ ಗೆದ್ದ ದಿನವೇ ತಪ್ಪದೆ ಬರುತ್ತೇನೆ ಅಂದಿದ್ದರು, ಮೊದಲನೆಯ ಮೀಟಿಂಗಿಗೇ ಬಂದುಬಿಟ್ಟರು, ಒಗೆದ ಪಂಚೆ ಉಟ್ಟು, ಕಂಕುಳಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು. ಕುರ್ಚಿಯ ತುದಿಯಲ್ಲಿ ಕೂತರು. ಆ ಚೀಲದಲ್ಲಿ ಅವರ ಮನೆಯ ಒಂದು ಸ್ಟೀಲ್ ಲೋಟ ಇತ್ತು.

ಅದನ್ನು ಅವರೇ ಆಮೇಲೆ ನನಗೆ ಹೇಳಿದರು. "ಎಲ್ಲೋದ್ರೂ ಒಂದು ಲೋಟ ಮಡೀಕಂಡ್ ಓಗ್ತೀನಿ ಸ್ವಾಮಿ. ನಮ್ಮ ಕಡೆ ಹೋಟ್ಲಾಗೆ ನಮ್ಗೆ ಬ್ಯಾರೆ ಲೋಟ ಮಡಗಿರ್ತಾರೆ, ಹೊರಗಡೆ ಗೂಡ್ನಾಗೆ. ಅದ್ರಾಗೆ ಕುಡಿಯೋಕಿಂತ ನನ್ ಲೋಟ್ದಾಗೇ ಹುಯ್ಸ್ಕಂಡ್ರೆ ಮರ್ವಾದಿ. ಅವತ್ತು ಚೀಲಕ್ಕೆ ಕೈ ಹಾಕಿದ್ದೆ. ಅಷ್ಟ್ರಾಗೆ ನೀವು ಎಳ್ನೀರು ತಂದು ಎಲ್ರಿಗೂ ಕೊಟ್ಟಂಗೇ ನಂಗೂ ಆ ಸ್ಟೀಲ್ ಪೈಪ್ ಕೊಟ್ರಲ್ಲ..." ಅನ್ನುತ್ತ ಚೀಲದ ಬಾಯಿ ಮಡಿಸಿಕೊಂಡರು. "ಮುಂದ್ಲ ಮೀಟಿಂಗ್ನಿಂದ ಲೋಟ ತರೋದ್ ಬುಟ್ಟೆ" ಅಂದರು.

ಅವರಿಗೆ ಆ ಮೇಜಿನಲ್ಲಿ ಬೇಕಾಗಿದ್ದದ್ದು ಇಷ್ಟೇ. ಮಿಕ್ಕವರ ಕೈಗೆ ಏನು ಬರುತ್ತದೋ ಅದೇ ತಮ್ಮ ಕೈಗೂ ಬರಬೇಕು. ಬಂದಿದೆ ಅಂತ ಅವರು ನಂಬಿದ್ದರು. ಊರಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡಿದ್ದರು. "ಗುಬ್ಬಿ ಆಫೀಸ್ನಾಗೆ ಅಂಗೆಲ್ಲ ಇಲ್ಲ ಕಣ್ರಪ್ಪ. ಸೆಕ್ರೆಟ್ರಿ ಸಾಯೇಬ್ರು ದೇವ್ರಂತೋರು" ಅಂತ. ಅತ್ತ ಮುದ್ದಯ್ಯ ಎದ್ದು ಬಸ್ಸಿಗೆ ಹೋದ ಕೂಡಲೇ ಇತ್ತ ಆ ದೇವರಂಥವರು ಮೂರನೆಯ ಕರವಸ್ತ್ರ ತೆಗೆಯುತ್ತಿದ್ದರು.

ಏಳು ಎಳನೀರಿಗೆ ಸ್ಟ್ರಾ ಸಿಕ್ಕಿಸಿ ಮೇಜಿಗೆ ಇಡುವ ಕೆಲಸ ನನ್ನದು. ಮೊದಲನೆಯ ಮೀಟಿಂಗಿನ ದಿನವೇ ಸೆಕ್ರೆಟರಿಯವರು ನನ್ನನ್ನು ಗೋಡೌನಿನ ಬಾಗಿಲಿಗೆ ಕರೆದು ಕಿವಿಯಲ್ಲಿ ಹೇಳಿದರು. "ಗೀಟಿರೋದು ಅವ್ನಿಗೆ. ಮರೀಬೇಡ. ಯಾರ್ಗೂ ಬೇಜಾರಾಗ್ಬಾರ್ದು ನೋಡು, ಅದಕ್ಕೇ ಹಿಂಗ್ ಮಾಡ್ಸಿದೀನಿ. ನೀನು ನಮ್ಮೋನು, ನಿಂಗ್ ಅರ್ಥ ಆಗ್ತದೆ." ನನಗೆ ಅರ್ಥವಾಯಿತು. ಕಾಫಿ ನಿಂತದ್ದು, ಲೋಟಗಳು ಬೀರು ಸೇರಿದ್ದು, ಲೇತ್ ಅಂಗಡಿ, ಸೋಡ, ದಾರ, ಗಂಟು, ಈ ಶುಚಿಯ ಸಂಸಾರವೆಲ್ಲ ಒಬ್ಬ ಮನುಷ್ಯನ ತುಟಿ ಆಫೀಸಿನ ಲೋಟಕ್ಕೆ ತಾಗದಿರಲಿ ಅಂತ ಹೂಡಿದ್ದು. ಅಷ್ಟು ಬುದ್ಧಿಯನ್ನು ಸಂಘದ ಕೆಲಸಕ್ಕೆ ಖರ್ಚು ಮಾಡಿದ್ದರೆ ಗೋಡೌನಿನ ಸೋರುವ ಸೂರಾದರೂ ರಿಪೇರಿಯಾಗುತ್ತಿತ್ತು.

ನನಗೆ ಅಸಹ್ಯವಾಯಿತು. ಅಸಹ್ಯಪಟ್ಟುಕೊಂಡೇ ಗೀಟಿನ ಸ್ಟ್ರಾವನ್ನು ಮುದ್ದಯ್ಯನವರ ಕಾಯಿಗೆ ಸಿಕ್ಕಿಸಿದೆ. ಮುಂದಿನ ತಿಂಗಳೂ ಸಿಕ್ಕಿಸಿದೆ. ವರ್ಷಗಟ್ಟಲೆ ಸಿಕ್ಕಿಸಿದೆ. ಸಂಜೆ ಬಸ್ಸಿನಲ್ಲಿ ಸೆಕ್ರೆಟರಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದರೆ ಕ್ಯಾತ್ಸಂದ್ರ ಬರುವ ಹೊತ್ತಿಗೆ ನಾನೊಬ್ಬ ಒಳ್ಳೆಯ ಮನುಷ್ಯ ಅನ್ನಿಸುತ್ತಿತ್ತು.

ಒಂದು ಸಲ ಮಾತ್ರ ಎಡವಟ್ಟಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಅವತ್ತು ನಾನು ಮೀಟಿಂಗಿನ ನಡಾವಳಿ ಬರೆಯುತ್ತಿದ್ದೆ. ಎಳನೀರು ತಂದಿಟ್ಟದ್ದು ಗಂಗಮ್ಮ. ಸೆಕ್ರೆಟರಿಯವರು ಗೊಬ್ಬರದ ವಿಷಯ ಮಾತಾಡುತ್ತ ಅರ್ಧ ಕಾಯಿ ಹೀರಿದ್ದರು. ಮಾತಾಡುವಾಗ ಸ್ಟ್ರಾವನ್ನು ಬೆರಳಿನಲ್ಲಿ ತಿರುಗಿಸುವುದು ಅವರ ಅಭ್ಯಾಸ. ಮಾತು ಸೀರಿಯಸ್ಸಾಯಿತು, ಸ್ಟ್ರಾವನ್ನು ಕಾಯಿಯಿಂದ ಪೂರ್ತಿ ಎತ್ತಿ ಅಧ್ಯಕ್ಷರ ಕಡೆ ತೋರಿಸಿ ಏನೋ ಹೇಳುತ್ತಿದ್ದರು. ನಡುವೆ ಒಂದು ಗುಟುಕು ಹೀರಿ ಮತ್ತೆ ಎತ್ತಿದಾಗ ಉಗುರು ಗೀಟಿಗೆ ಸಿಕ್ಕಿತು.

ಮಾತು ಅಲ್ಲೇ ನಿಂತಿತು. ಮುಖ ಬಿಳಿಚಿಕೊಂಡಿತು. ಬಾಯಿಯಲ್ಲಿದ್ದ ಗುಟುಕನ್ನು ನುಂಗುವಂತಿಲ್ಲ, ಅಧ್ಯಕ್ಷರ ಎದುರು ಉಗುಳುವಂತಿಲ್ಲ. ಕೆನ್ನೆ ಉಬ್ಬಿಸಿಕೊಂಡು ಎದ್ದು ಹೊರಗೆ ಓಡಿದರು. ನಲ್ಲಿಯ ಹತ್ತಿರ ಕ್ಯಾಕರಿಸುವ ಸದ್ದು ಎಷ್ಟೋ ಹೊತ್ತು ಕೇಳಿಸಿತು. ಒಳಗೆ ಬಂದವರು ಮೊದಲನೆಯ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ, "ಏನಿಲ್ಲ, ನನ್ ಕಾಯಿ ಕೊಳ್ತೋಗಿತ್ತು" ಅಂದರು.

ಮುದ್ದಯ್ಯ ತಟ್ಟನೆ ಎದ್ದು ನಿಂತರು. ತಮ್ಮ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ನೀಡಿದರು. "ನಂದು ಚೆನ್ನಾಗೈತೆ ಸಾರ್. ಜಾಸ್ತಿ ಕುಡ್ದಿಲ್ಲ. ತಕಳಿ" ಅಂದರು.

ಸೆಕ್ರೆಟರಿಯವರು ಮತ್ತೆ ಹೊರಗೆ ಹೋದರು.

ಸಂಜೆ ಗಂಗಮ್ಮನನ್ನು ಕೇಳಿದೆ. "ಬೇಕೂಂತ್ಲೇ ಇಟ್ರಾ ಗಂಗಮ್ಮ?"

"ನಂಗೇನ್ ಗೊತ್ತು ಸಾರ್, ಕಣ್ಣು ಸರ್ಯಾಗ್ ಕಾಣಾಕಿಲ್ಲ. ನಂಗೆ ಏಳೂ ಒಂದೇ ಥರ ಕಾಣ್ತವೆ" ಅಂದರು. ಆಮೇಲೆ ದಾರ ಸುತ್ತಿಡುತ್ತ, ನನ್ನ ಮುಖ ನೋಡದೆ, "ನಿಮ್ಗೆ ಬ್ಯಾರೆ ಬ್ಯಾರೆ ಕಾಣ್ತವಾ?" ಅಂತ ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ಮಾರನೆಯ ದಿನ ಶುದ್ಧೀಕರಣ ನಡೆಯಿತು. ಯಾವ ಸ್ಟ್ರಾ ಯಾವ ಬಾಯಿಗೆ ಹೋಗಿತ್ತೋ ತಿಳಿಯದು, ಒಂದಂತೂ ಮುದ್ದಯ್ಯನವರ ಬಾಯಿಗೆ ಹೋಗಿತ್ತು. ಹಾಗಾಗಿ ಆರಕ್ಕೂ ಶಿಕ್ಷೆ. ಅರಿಶಿನ ಹಾಕಿ ಕುದಿಸಿದರು. ಹುಣಸೆಹಣ್ಣಿನಲ್ಲಿ ನೆನೆಸಿದರು. ಕೊನೆಗೆ ಮನೆಯಿಂದ ಬಾಟಲಿಯಲ್ಲಿ ಗಂಜಲ ತಂದು ಆರನ್ನೂ ಅದರಲ್ಲಿ ಅದ್ದಿ ಒಂದು ರಾತ್ರಿ ಬಿಟ್ಟರು. ದನದ ಉಚ್ಚೆಯಲ್ಲಿ ನೆನೆದರೂ ಪರವಾಗಿಲ್ಲ, ಮನುಷ್ಯನ ತುಟಿ ತಾಗಬಾರದು. ಆ ವಾರವೇ ಜಿಲ್ಲಾ ಕಚೇರಿಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಸೆಕ್ರೆಟರಿಯವರು ಹಲ್ಲು ಗಿಂಜುತ್ತ ಅದೇ ಸ್ಟ್ರಾ ಹಾಕಿ ಎಳನೀರು ಕೊಟ್ಟರು. ಅಧಿಕಾರಿ ಒಂದು ಗುಟುಕು ಹೀರಿ, "ಏನ್ರೀ ಇದು, ಒಂಥರಾ ವಾಸ್ನೆ ಇದೆ?" ಅಂದರು.

"ಗಂಗಾಪಾಣಿ ತಳಿ ಸಾರ್. ಹಾಗೇ ಇರುತ್ತದೆ. ಆರೋಗ್ಯಕ್ಕೆ ಬಹಳ ಒಳ್ಳೆಯದು."

ಅಧಿಕಾರಿ ಪೂರ್ತಿ ಕುಡಿದರು. ಮನೆಗೆ ನಾಲ್ಕು ಕಾಯಿ ಜೀಪಿಗೆ ಹಾಕಿಸಿಕೊಂಡರು. ನಾನು ಒಳಗೆ ಹೋಗಿ ಗೋಣಿಚೀಲದ ರಾಶಿಗೆ ಮುಖ ಒತ್ತಿಕೊಂಡು ನಕ್ಕೆ.

ನಗುವುದು ಸುಲಭವಿತ್ತು. ಮುದ್ದಯ್ಯನವರ ಬಸ್ಸು ಬರುವ ತನಕ ನಾವಿಬ್ಬರೂ ಎಷ್ಟೋ ಸಲ ಆಫೀಸಿನ ಜಗಲಿಯಲ್ಲಿ ಕೂತು ಮಾತಾಡಿದ್ದೇವೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ಮೀಟಿಂಗಿಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ, ಹೇಳದಿರುವುದೇ ಅವರಿಗೆ ಮಾಡುವ ಉಪಕಾರ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ. ಸೆಕ್ರೆಟರಿಯವರೂ ಯಾರಿಗೂ ಬೇಜಾರಾಗಬಾರದು ಅಂದಿದ್ದರಲ್ಲ, ಅದೇ ಧಾಟಿ.

ಹೊಸ ಶತಮಾನ ಬಂತು, ಸೆಕ್ರೆಟರಿಯವರಿಗೆ ನಿವೃತ್ತಿಯೂ ಬಂತು. ಆಫೀಸಿನ ಮುಂದೆ ಶಾಮಿಯಾನ ಹಾಕಿದ್ದರು. ಹಾರ, ಪೇಟ, ಫೋಟೋಗ್ರಾಫರು. ಅಧಿಕಾರಿಗಳ ಎದುರು ಅವರಿಗೆ ಪುಸ್ತಕದ ಕನ್ನಡ ಬರುತ್ತಿತ್ತು. "ನನ್ನ ಸೇವಾವಧಿಯಲ್ಲಿ ಭೇದಭಾವ ಎಂಬುದು ಈ ಕಚೇರಿಯ ಹೊಸ್ತಿಲನ್ನು ತುಳಿಯಲಿಲ್ಲ. ಅದರ ಗುರುತಾಗಿ, ನಮ್ಮ ನೆಚ್ಚಿನ ನಿರ್ದೇಶಕರಾದ ಮುದ್ದಯ್ಯನವರಿಗೆ ನಾನು ವೈಯಕ್ತಿಕವಾಗಿ ಒಂದು ಕಾಣಿಕೆ ಕೊಡಲು ಬಯಸುತ್ತೇನೆ" ಅಂತ ಮೈಕಿನಲ್ಲಿ ಹೇಳಿದರು. ಕಾಣಿಕೆ ಕೆಂಪು ರಿಬ್ಬನ್ ಕಟ್ಟಿದ ಒಂದು ಸ್ಟೀಲ್ ಸ್ಟ್ರಾ. ಯಾವುದು ಅಂತ ಬರೆಯುವ ಅಗತ್ಯವಿಲ್ಲ. ಉಳಿದ ಆರನ್ನು ಬೆಳಗ್ಗೆಯೇ ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಗೆ ಸಾಗಿಸಿದ್ದರು. ಚಪ್ಪಾಳೆ ಜೋರಾಗಿ ಬಿತ್ತು. ಇಂಥ ಮನುಷ್ಯನಿಗೂ ಒಂದು ನಾಚಿಕೆ ಅನ್ನುವುದು ಇರುತ್ತದೆ ಅಂತ ನಾನು ಅಲ್ಲಿಯ ತನಕ ಅಂದುಕೊಂಡಿದ್ದೆ.

ಮುದ್ದಯ್ಯನವರ ಕಣ್ಣಿನಲ್ಲಿ ನೀರು ಬಂದಿತ್ತು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದರು. ರಿಬ್ಬನ್ ಬಿಚ್ಚಿ ಸ್ಟ್ರಾವನ್ನು ಹೆಬ್ಬೆರಳಿನಲ್ಲಿ ಸವರುತ್ತ ನಿಂತರು.

"ಸ್ವಾಮಿ, ಈ ಗೀಟು ಯಾಕೈತೆ ಇದ್ರಾಗೆ? ಮಿಕ್ಕಿದ್ರಾಗೂ ಐತಾ?"

ಸೆಕ್ರೆಟರಿ ಹತ್ತು ಹೆಜ್ಜೆ ಆಚೆ ಹಾರಗಳನ್ನು ಎಣಿಸಿಕೊಳ್ಳುತ್ತಿದ್ದರು. ಇನ್ನು ಮೇಲೆ ಅವರು ನನ್ನ ಮೇಲಿನವರಲ್ಲ. ನನಗೆ ಹೆದರಲು ಏನೂ ಉಳಿದಿರಲಿಲ್ಲ. "ಅದು ಲೇತ್‌ನೋರು ಅಳತೆಗೆ ಹಾಕೋ ಗುರುತು ಮುದ್ದಯ್ಯನೋರೇ. ಎಲ್ಲದ್ರಲ್ಲೂ ಇದೆ" ಅಂದೆ.

"ಹಂಗಾ" ಅಂದರು. ಇನ್ನೊಂದು ಸಲ ಸವರಿ ಜೇಬಿಗೆ ಹಾಕಿಕೊಂಡರು.

ಎರಡು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ಸದಸ್ಯರ ಪಟ್ಟಿ ಸರಿಮಾಡಲು ಹಾಗಲವಾಡಿ ಕಡೆ ಹೋಗಿದ್ದೆ. ಮುದ್ದಯ್ಯನವರ ಮನೆ ಹುಡುಕಿಕೊಂಡು ಹೋದೆ. ನನ್ನನ್ನು ಕಂಡು ಅವರಿಗೆ ಬಹಳ ಖುಷಿಯಾಯಿತು. ಹಜಾರದಲ್ಲಿ ಹೊಸ ಚಾಪೆ ಹಾಸಿ ಕೂರಿಸಿದರು. ಒಳಗಿನ ಮಂಚದಲ್ಲಿ ಅವರ ತಾಯಿ ಮಲಗಿದ್ದರು. ಲಕ್ವಾ ಹೊಡೆದು ಒಂದು ವರ್ಷವಾಗಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು.

"ಅವ್ವಂಗೆ ಗಂಜಿ ತಿಳಿ, ಎಳ್ನೀರು ಎಲ್ಲಾ ಸಾಯೇಬ್ರು ಕೊಟ್ಟಿದ್ ಪೈಪ್ನಾಗೇ ಸ್ವಾಮಿ. ಲೋಟ್ದಾಗ್ ಕೊಟ್ರೆ ಚೆಲ್ಲೋಯ್ತದೆ. ಇದಿಲ್ದಿದ್ರೆ ಏನ್ ಮಾಡ್ತಿದ್ನೋ" ಅಂದರು ಮುದ್ದಯ್ಯ. ಒಬ್ಬ ಮನುಷ್ಯನನ್ನು ದೂರ ಇಡಲು ಮಾಡಿಸಿದ ವಸ್ತು ಒಬ್ಬ ಮುದುಕಿಯ ಜೀವ ಹಿಡಿದಿತ್ತು. ಅದರ ಪುಣ್ಯವೂ ಆ ಸೆಕ್ರೆಟರಿಯ ಖಾತೆಗೇ ಹೋಗುತ್ತಿದೆಯಲ್ಲ ಅಂತ ನನಗೆ ಸಿಟ್ಟು ಬಂತು.

ಮುದ್ದಯ್ಯ ಹಿತ್ತಿಲಿಗೆ ಹೋಗಿ ಒಳ್ಳೆಯ ಎಳನೀರು ಕೆತ್ತಿ ತಂದರು. ಅವರ ಹೆಂಡತಿ ನನ್ನ ಎದುರಿನಲ್ಲೇ ಬಾಗಿಲ ಹತ್ತಿರ ಕೂತು ಸ್ಟ್ರಾ ತೊಳೆದರು. ಒಲೆಯ ಮೇಲಿನ ಕುದಿನೀರು, ಸೋಡ, ಗಂಟು ಹಾಕಿದ ದಾರ. ಒಂದೂ ತಪ್ಪದೆ, ನಾನು ಒಂದು ಸಲ ಮುದ್ದಯ್ಯನವರಿಗೆ ಹೇಳಿಕೊಟ್ಟ ಹಾಗೇ. ಕೊನೆಗೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಆಫೀಸಿನಲ್ಲಿ ಆ ಸ್ಟ್ರಾಕ್ಕೆ ಒಂದು ದಿನವೂ ಸಿಗದ ಮರ್ಯಾದೆ ಅದು. ಒಗೆದ ಬಟ್ಟೆಯಲ್ಲಿ ಒರೆಸಿ, ಕಾಯಿಗೆ ಸಿಕ್ಕಿಸಿ, ಗಂಡನ ಕೈಗೆ ಕೊಟ್ಟರು. ಅವರು ನನಗೆ ನೀಡಿದರು.

ಕಾಯಿ ತೆಗೆದುಕೊಂಡೆ. ಸ್ಟ್ರಾ ಬಾಯಿಯ ಹತ್ತಿರ ಬಂತು. ಬಿಸಿಯ ಹಬೆ ಇನ್ನೂ ಇತ್ತು. ಅಷ್ಟು ಚೊಕ್ಕಟವಾದ ಸ್ಟ್ರಾವನ್ನು ನಾನು ಗುಬ್ಬಿಯಲ್ಲೂ ಕಂಡಿರಲಿಲ್ಲ.

ನನ್ನ ಬಾಯಿ ತೆರೆಯಲಿಲ್ಲ.

ಎರಡು ಬೆರಳಿನಲ್ಲಿ ಸ್ಟ್ರಾವನ್ನು ಹಿಡಿದು ತೆಗೆಯಲು ಹೋದೆ, ಅದೂ ಆಗಲಿಲ್ಲ. "ಅಯ್ಯೋ, ಪೈಪ್ ಎಲ್ಲ ಯಾಕೆ ಮುದ್ದಯ್ಯನೋರೇ, ಅಜ್ಜಿಗೆ ಇರ್ಲಿ. ನಾನು ಹಂಗೇ ಎತ್ತಿ ಕುಡೀತೀನಿ ಬಿಡಿ, ಅದೇ ನಂಗೆ ಅಭ್ಯಾಸ" ಅಂದೆ. ನಗುನಗುತ್ತಲೇ ಅಂದೆ. ಅಜ್ಜಿಯ ಕಾಯಿಲೆ ನೆನಪಾಗಿ ಹಾಗಾಯಿತು ಅಂತ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ಅಜ್ಜಿ ನನ್ನ ತಲೆಯಲ್ಲೇ ಇರಲಿಲ್ಲ.

ಮುದ್ದಯ್ಯ ತಾವೇ ಕೈ ಚಾಚಿ ಕಾಯಿಯಿಂದ ಸ್ಟ್ರಾ ತೆಗೆದುಕೊಂಡರು. ಹೆಬ್ಬೆರಳು ಅದರ ಗೀಟಿನ ಮೇಲೆ ಹೋಗಿ ನಿಂತಿತು.

"ಎಲ್ಲದ್ರಾಗೂ ಐತೆ ಅಂದ್ರಿ ಅವತ್ತು" ಅಂದರು. ದನಿ ಮೆತ್ತಗೇ ಇತ್ತು. "ಇಲ್ಲ ಅಂತ ಗಂಗಮ್ಮ ಆವಾಗ್ಲೇ ಹೇಳಿದ್ಲು ಸ್ವಾಮಿ. ಸಾಯೇಬ್ರು ಬುಡಿ, ಅವ್ರು ಅಂಗೇ. ನಿಮ್ಗೆ ಹೇಳಾಕೆ ಕಷ್ಟ ಆಗಿರ್ಬೇಕು, ಪಾಪ ಒಳ್ಳೇ ಮನ್ಸ ಅಂದ್ಕಂಡಿದ್ದೆ."

ನಾನು ಎಳನೀರು ಎತ್ತಿ ಕುಡಿದೆ. ಅರ್ಧ ಷರ್ಟಿನ ಮೇಲೆ ಚೆಲ್ಲಿತು. ಯಾರೂ ನಗಲಿಲ್ಲ. ಮುದ್ದಯ್ಯ ಸ್ಟ್ರಾವನ್ನು ಹೆಂಡತಿಯ ಕೈಗೆ ಕೊಟ್ಟರು.

"ಅವ್ವಂಗೆ ಕೊಡೋಕ್ ಮುಂಚೆ ಇನ್ನೊಂದ್ ಸಲ ಬಿಸ್ನೀರ್ನಾಗೆ ತೊಳ್ಯಮ್ಮಿ" ಅಂದರು.

ನಾನು ಅದಕ್ಕೆ ತುಟಿ ತಾಗಿಸಿರಲಿಲ್ಲ. ಆ ಹೆಣ್ಣು ಮಗಳು ಏನೂ ಕೇಳದೆ ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟರು.